ಪಾಸ್ಟರನ್ನು ಕ್ಷಮಿಸಿದ್ದೇವೆ, ಆದರೂ ಸಭೆ ಒಡೆಯುತ್ತಿದೆ. ಎಲ್ಲಿಂದ ಶುರುಮಾಡಲಿ?

ಪ್ರಶ್ನೆ: ನಮ್ಮದು ಸುಮಾರು 120 ಕುಟುಂಬಗಳ ಕ್ರೈಸ್ತ ಸಭೆ (ಚರ್ಚ್). ಹದಿನಾಲ್ಕು ವರ್ಷದಿಂದ ಒಬ್ಬರೇ ಪಾಸ್ಟರ್. ಅವರು ಕಟ್ಟಡ ನಿಧಿಯಿಂದ ಹಲವು ಬಾರಿ ಸ್ವಂತ ಖರ್ಚಿಗೆ ಹಣ ತೆಗೆದದ್ದು ಈಗ ಬಯಲಾಗಿದೆ. ಸಭೆಯ ಆಡಳಿತ ನೋಡುವ ಐವರು ಹಿರಿಯರಲ್ಲಿ ಮೂವರಿಗೆ ಎಂಟು ತಿಂಗಳ ಹಿಂದೆಯೇ ಗೊತ್ತಿತ್ತಂತೆ. ಮೊದಲು ಲೆಕ್ಕ ಕೇಳಿದ ಖಜಾಂಚಿ ಸಹೋದರಿಗೆ ‘ಸಭೆ ಒಡೆಯುವವಳು’ ಎಂಬ ಹೆಸರು ಬಂದು, ಅವರು ಹುದ್ದೆ ಬಿಟ್ಟರು. ಹೋದ ತಿಂಗಳು ಆರಾಧನೆಯ ಕೊನೆಯಲ್ಲಿ ಪಾಸ್ಟರ್ ಕಣ್ಣೀರು ಹಾಕಿ ‘ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಅಂದರು. ಅಂದಿನಿಂದ ಹಣದ ಮಾತೆತ್ತಿದವರಿಗೆಲ್ಲ ‘ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಕರ್ತನೇ ಹೇಳಿಲ್ಲವೇ’ ಎಂಬುದೇ ಉತ್ತರ. ಇಪ್ಪತ್ತು ಕುಟುಂಬಗಳು ಬರುವುದನ್ನು ಬಿಟ್ಟಿವೆ. ಕೆಲವರು ಪಾಸ್ಟರ್ ಕೈಯಿಂದ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುತ್ತಿಲ್ಲ. ನನ್ನನ್ನು ಈಗ ಹೊಸ ಹಿರಿಯನಾಗಿ ಸೇರಿಸಿಕೊಂಡಿದ್ದಾರೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಖಜಾಂಚಿಯಿಂದ ಶುರುಮಾಡಿ.

ಇಂಥ ಸಂದರ್ಭದಲ್ಲಿ ಎಲ್ಲರ ಕಣ್ಣೂ ಪಾಸ್ಟರ್ ಮೇಲೇ ಇರುತ್ತದೆ: ಇರಬೇಕೋ ಹೋಗಬೇಕೋ, ಕ್ಷಮಿಸಬೇಕೋ ಬೇಡವೋ. ಅಷ್ಟರಲ್ಲಿ ಲೆಕ್ಕ ಕೇಳಿದ ಒಬ್ಬರು ಸುಳ್ಳು ಅಪವಾದ ಹೊತ್ತು ಮನೆಯಲ್ಲಿ ಕೂತಿರುವುದು ಯಾರಿಗೂ ನೆನಪಿರುವುದಿಲ್ಲ. ಅವರ ಹೆಸರು ಸರಿಯಾಗುವ ತನಕ ಸಭೆಯಲ್ಲಿ ಇನ್ನೊಬ್ಬರು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಎಲ್ಲರೂ ಕಣ್ಣಾರೆ ನೋಡಿದ್ದಾರೆ. ಜನ ಮಾತಾಡದಿದ್ದರೆ ಯಾವ ವಿಚಾರಣೆಯಿಂದಲೂ ಪೂರ್ತಿ ಸಂಗತಿ ಹೊರಬರದು. ಹಾಗಾಗಿ ನಿಮ್ಮ ಮೊದಲ ಕಮಿಟಿ ಸಭೆಯಲ್ಲಿ ಒಂದು ಸಣ್ಣ ಠರಾವು ಮಂಡಿಸಿ: ‘ಖಜಾಂಚಿಯವರು ಲೆಕ್ಕ ಕೇಳಿದ್ದು ಅವರ ಕರ್ತವ್ಯವಾಗಿತ್ತು. ಅವರು ಕೇಳಿದ್ದು ಸರಿ. ಅವರ ಬಗ್ಗೆ ಕಮಿಟಿಯಿಂದ ಹೋದ ಮಾತುಗಳು ತಪ್ಪು.’ ಮೂರೇ ವಾಕ್ಯ ಸಾಕು. ಬರುವ ಭಾನುವಾರದ ಪ್ರಕಟಣೆಗಳಲ್ಲಿ ಅದನ್ನು ಓದಿ. ಅಪವಾದ ಹಬ್ಬಿದ್ದು ಸಭೆಯ ಮುಂದಾದ್ದರಿಂದ ತಿದ್ದುಪಡಿಯೂ ಅಲ್ಲೇ ಆಗಬೇಕು, ಅವರ ಮನೆಗೆ ಹೋಗಿ ಗುಟ್ಟಾಗಿ ಹೇಳಿ ಬಂದರೆ ಸಾಲದು. ಈ ಮೂರು ವಾಕ್ಯಕ್ಕೂ ಕಮಿಟಿ ಒಪ್ಪದಿದ್ದರೆ ನಿಮ್ಮನ್ನು ಯಾಕೆ ಸೇರಿಸಿಕೊಂಡರು ಎಂಬುದು ಅಲ್ಲಿಗೇ ಗೊತ್ತಾಗುತ್ತದೆ. ಹಳೆಯ ಗೋಡೆಗೆ ಹೊಸ ಸುಣ್ಣ ಬಳಿಯಲು ನೀವು ಬೇಕಾಗಿದ್ದಿರಿ, ಅಷ್ಟೇ.

ಇನ್ನು ಆ ‘ಏಳೆಪ್ಪತ್ತು ಸಾರಿ’ಯ ವಿಷಯ. ಮಾತು ಬಂದಿರುವುದು ಬೈಬಲಿನ ಮತ್ತಾಯ 18ನೇ ಅಧ್ಯಾಯದ 22ನೇ ವಚನದಲ್ಲಿ. ಅದನ್ನು ಹೇಳುವವರು ಹೆಚ್ಚಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ವಚನದಲ್ಲೇ ಒಂದು ಸಾಮ್ಯ (ದೃಷ್ಟಾಂತ ಕಥೆ) ಶುರುವಾಗುತ್ತದೆ: ಒಬ್ಬ ಅರಸ ತನ್ನ ಸೇವಕರಿಂದ ಲೆಕ್ಕ ತೆಗೆದುಕೊಳ್ಳಲು ಕೂರುತ್ತಾನೆ. ಕ್ಷಮೆಯ ಕಥೆ ಆರಂಭವಾಗುವುದು ಲೆಕ್ಕದ ಪುಸ್ತಕ ತೆರೆಯುವುದರಿಂದ! ಒಬ್ಬ ಸೇವಕನ ಸಾಲದ ಮೊತ್ತವೂ ಅಲ್ಲಿದೆ, ಹತ್ತು ಸಾವಿರ ತಲಾಂತು. ಒಂದು ತಲಾಂತು ಎಂದರೆ ಹೆಚ್ಚುಕಡಿಮೆ ಆರು ಸಾವಿರ ದಿನಾರಿ, ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಒಟ್ಟು ಆರು ಕೋಟಿ ದಿನದ ಕೂಲಿ, ಹತ್ತು ಜನ್ಮ ದುಡಿದರೂ ತೀರದ್ದು. ಅರಸ ಮೊದಲು ಮೊತ್ತ ತಿಳಿದುಕೊಂಡ, ಆಮೇಲೆ ಮನ್ನಾ ಮಾಡಿದ. ನಿಮ್ಮ ಸಭೆಯಲ್ಲಿ ಇದು ತಿರುವುಮುರುವಾಗಿದೆ. ಎಷ್ಟು ಹಣ, ಯಾವಾಗಿನಿಂದ, ಯಾರಿಗೆ ಗೊತ್ತಿತ್ತು, ಒಂದೂ ತಿಳಿಯದೆ ಮನ್ನಾ ಆಗಿದೆ. ಅದನ್ನು ಕ್ಷಮೆ ಎನ್ನಲು ನನಗೆ ಮನಸ್ಸು ಬಾರದು. ಅಲ್ಲಿ ನಡೆದದ್ದು ಕಡತ ಮುಚ್ಚುವ ಕೆಲಸ. ಕಣ್ಣೀರು ಹಾಕಿದವರ ಪ್ರಾಮಾಣಿಕತೆಯನ್ನು ಪ್ರಶ್ನಿಸುತ್ತಿಲ್ಲ. ಆದರೆ ಲೆಕ್ಕ ತಿಳಿಯದೆ ಕ್ಷಮಿಸಿದವರಿಗೆ ನಾಳೆ ಹೊಸ ಮೊತ್ತವೊಂದು ಹೊರಬಿದ್ದಾಗ ಎರಡನೇ ಸಲ ಮೋಸಹೋದಂತೆ ಅನಿಸುತ್ತದೆ. ಸಭೆಗಳು ನಿಜವಾಗಿ ಒಡೆಯುವುದು ಆ ಎರಡನೇ ಸಲ.

ಅದೇ ಅಧ್ಯಾಯದ 15ರಿಂದ 17ನೇ ವಚನಗಳನ್ನೂ ನಿಮ್ಮ ಮುಂದೆ ಹಿಡಿಯುತ್ತಾರೆ: ಮೊದಲು ಒಬ್ಬೊಬ್ಬರೇ ಹೋಗಿ ಮಾತಾಡಿ, ಆಮೇಲೆ ಇಬ್ಬರು ಮೂವರು, ಕೊನೆಗೆ ಸಭೆ. ಇಬ್ಬರು ವಿಶ್ವಾಸಿಗಳ ನಡುವಿನ ಖಾಸಗಿ ತಪ್ಪಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಸಭೆಯನ್ನು ನಡೆಸುವವರ ಮೇಲೆ ದೂರು ಬಂದಾಗ ನೋಡಬೇಕಾದದ್ದು 1 ತಿಮೊಥೆಯ 5ರ 19, 20, 21. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲಿನ ದೂರನ್ನು ಎತ್ತಿಕೊಳ್ಳಬಾರದು, ಇದು ನಾಯಕನಿಗಿರುವ ರಕ್ಷಣೆ. ದೂರು ನಿಜವಾದರೆ ಎಲ್ಲರ ಮುಂದೆ ಗದರಿಸಬೇಕು, ಇದು ಸಭೆಗಿರುವ ರಕ್ಷಣೆ. ಪಕ್ಷಪಾತ ಕೂಡದು ಎಂಬುದು ಮೂರನೆಯದು. ಪೇತ್ರನು ಅಂತಿಯೋಕ್ಯದಲ್ಲಿ ಎಲ್ಲರೆದುರು ತಪ್ಪು ನಡೆದಾಗ ಪೌಲನು ಎಲ್ಲರೆದುರೇ ಕೇಳಿದ (ಗಲಾತ್ಯ 2). ‘ಖಜಾಂಚಿ ಮೊದಲು ಪಾಸ್ಟರ್ ಹತ್ತಿರ ಒಬ್ಬರೇ ಹೋಗಿ ಮಾತಾಡಬೇಕಿತ್ತು’ ಎಂಬ ಆಕ್ಷೇಪಕ್ಕೆ ಇಷ್ಟು ಉತ್ತರ ಸಾಕು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ತಪ್ಪು ಹಣದ್ದಲ್ಲದೆ ಮಕ್ಕಳ ಮೇಲಿನ ಅಥವಾ ಯಾರದೇ ಮೈಮೇಲಿನ ದೌರ್ಜನ್ಯವಾಗಿದ್ದರೆ ಈ ಪತ್ರದ ಮಿಕ್ಕ ಭಾಗವನ್ನೆಲ್ಲ ಬದಿಗಿಡಿ. ಆಗ ಮೊದಲು ಪೊಲೀಸರು, ಆಮೇಲೆ ಉಳಿದದ್ದು. ಒಳಗಿನ ವಿಚಾರಣೆ ಬೇಡ, ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸುವುದು ಬೇಡ, ನೊಂದವರನ್ನೂ ಆರೋಪ ಹೊತ್ತವರನ್ನೂ ಎದುರುಬದುರು ಕೂರಿಸಿ ಪ್ರಾರ್ಥಿಸುವುದಂತೂ ಬೇಡವೇ ಬೇಡ.

ನಿಮ್ಮ ವಿಷಯಕ್ಕೆ ಬರೋಣ. ಮೊದಲ ವಾರದಲ್ಲೇ ಖಾತೆಗಳನ್ನು ಭದ್ರಮಾಡಿ. ಚೆಕ್ಕಿಗೆ ಸಹಿ ಹಾಕುವವರನ್ನು ಬದಲಾಯಿಸಿ, ಒಂದೇ ಮನೆಯವರಲ್ಲದ ಇಬ್ಬರ ಸಹಿ ಕಡ್ಡಾಯ ಮಾಡಿ. ಆನ್‌ಲೈನ್ ಪಾಸ್‌ವರ್ಡ್, ಓಟಿಪಿ ಬರುವ ಫೋನ್ ನಂಬರ್ ಎರಡನ್ನೂ ಬದಲಿಸಿ. ನಂಬರ್ ಮರೆತರೆ ಉಳಿದದ್ದೆಲ್ಲ ಮಾಡಿಯೂ ವ್ಯರ್ಥ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಕಮಿಟಿಯ ಕಪಾಟಿನಿಂದ ತೆಗೆಯಬೇಡಿ, ನೇರ ಬ್ಯಾಂಕಿನಿಂದಲೇ ತರಿಸಿ. ಕನಿಷ್ಠ ಮೂರು ವರ್ಷದ್ದು ಇರಲಿ, ನಿಧಿ ಅದಕ್ಕಿಂತ ಹಳೆಯದಾದರೆ ನಿಧಿ ಶುರುವಾದ ದಿನದಿಂದ. ರಸೀದಿ ಪುಸ್ತಕಗಳ ಪ್ರತಿಭಾಗ, ಕಾಣಿಕೆ ಎಣಿಸಿದ ಚೀಟಿಗಳು, ವೋಚರುಗಳು, ಕಮಿಟಿಯ ನಡಾವಳಿ ಪುಸ್ತಕ ಎಲ್ಲವನ್ನೂ ಇಬ್ಬರ ಎದುರು ಪಟ್ಟಿಮಾಡಿ, ನಕಲು ತೆಗೆದು, ಮೂಲಪ್ರತಿಗಳನ್ನು ಸಭೆಯ ಕಟ್ಟಡದ ಹೊರಗಿಡಿ.

ಲೆಕ್ಕ ನೋಡುವ ಆಡಿಟರ್ ನಿಮ್ಮ ಸಭೆಯವರಾಗಿರಬಾರದು, ಪಾಸ್ಟರ್ ಮದುವೆ ಮಾಡಿಸಿದ ಮನೆಯವರೂ ಆಗಿರಬಾರದು. ಅವರಿಗೆ ಕೊಡುವ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವ ಖಾತೆಗಳು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಪ್ರಶ್ನೆಗಳಿಗೆ ಉತ್ತರ ಬೇಕು, ವರದಿ ಯಾರ ಕೈಗೆ. ಸಾರಾಂಶವನ್ನು ಸದಸ್ಯರೆಲ್ಲರ ಮುಂದೆ ಓದಲಾಗುತ್ತದೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಪ್ರಕಟಿಸಿ. ವರದಿ ಬಂದ ಮೇಲೆ ಪ್ರಕಟಿಸಬೇಕೋ ಬೇಡವೋ ಅಂತ ಚರ್ಚೆಗೆ ಕೂತರೆ ಅದು ಕಪಾಟು ಸೇರುತ್ತದೆ. ಆಡಿಟರ್ ಅಂಕಿ ಹೇಳುತ್ತಾರೆ, ಯಾರಿಗೆ ಯಾವಾಗ ಗೊತ್ತಾಯಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ಮೂವರು ಬೇಕು, ಅವರಲ್ಲಿ ಇಬ್ಬರಾದರೂ ಹೊರಗಿನವರು. ನಿಮ್ಮ ಸಭೆಯ ಮೇಲೆ ಬಿಷಪ್ಪರೋ ಮೇಲ್ವಿಚಾರಕರೋ ಇದ್ದರೆ ನಿಯಮಾವಳಿ ನೋಡಿ ಅವರಿಗೆ ಲಿಖಿತವಾಗಿ ತಿಳಿಸಿ. ಸ್ವತಂತ್ರ ಸಭೆಯಾದರೆ ಬೇರೆ ಸಭೆಗಳ ಅನುಭವಿ ಹಿರಿಯರನ್ನು ಕೇಳಿಕೊಳ್ಳಿ. ಗೊತ್ತಿದ್ದೂ ಸುಮ್ಮನಿದ್ದ ಆ ಮೂವರು ಹಿರಿಯರು ಇದರಲ್ಲಿ ಯಾವ ಪಾತ್ರದಲ್ಲೂ ಇರಬಾರದು. ಸಭೆ ನೋಂದಣಿಯಾದ ಸಂಸ್ಥೆಯಾಗಿದ್ದರೆ ದೂರು ಕೊಡುವ ಹೊಣೆ ಕಾನೂನಿನಲ್ಲಿ ಯಾರ ಮೇಲಿದೆ ಎಂದು ವಕೀಲರೊಬ್ಬರನ್ನು ಮೊದಲೇ ಕೇಳಿಬಿಡಿ.

ಅಲ್ಲಿಯ ತನಕ ಪಾಸ್ಟರ್‌ಗೆ ರಜೆ, ಸಂಬಳ ಸಹಿತ. ಇದಕ್ಕೆ ಎರಡೂ ಕಡೆಯವರು ಸಿಟ್ಟಾಗುತ್ತಾರೆ. ಒಬ್ಬರಿಗೆ ಇದು ತೀರ್ಪಿಗೆ ಮುಂಚಿನ ಶಿಕ್ಷೆ, ಇನ್ನೊಬ್ಬರಿಗೆ ಕದ್ದವನಿಗೆ ಕೂಲಿ. ಸಂಬಳ ನಿಲ್ಲಿಸಿದರೆ ತೊಂದರೆಗೆ ಸಿಕ್ಕುವವರು ಹೆಂಡತಿ ಮಕ್ಕಳು. ಅವರ ಕಷ್ಟ ನೋಡಿ ಸಭೆಯ ಅರ್ಧದಷ್ಟು ಜನ ವಿಚಾರಣೆಯನ್ನೇ ದ್ವೇಷಿಸತೊಡಗುತ್ತಾರೆ. ರಜೆಯ ಷರತ್ತುಗಳು ಕಾಗದದಲ್ಲಿರಲಿ: ಪ್ರಸಂಗವಿಲ್ಲ, ಮನೆಭೇಟಿಯಿಲ್ಲ, ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಮಾತಿಲ್ಲ, ದಾಖಲೆಗಳ ಹತ್ತಿರ ಸುಳಿಯುವಂತಿಲ್ಲ. ಎಡವುವುದು ಹೆಚ್ಚಾಗಿ ಮನೆಭೇಟಿಯಲ್ಲಿ. ಕಾಯಿಲೆಯವರನ್ನು ನೋಡಲು ಹೋದವರು ತಮ್ಮ ಕಥೆ ಹೇಳಿಕೊಂಡು ಬರುತ್ತಾರೆ, ವಾರದೊಳಗೆ ಸಭೆ ಎರಡು ಪಾಳೆಯವಾಗುತ್ತದೆ. ಹಾಗೆಯೇ ಅವರನ್ನು ಒಂಟಿಯಾಗಿ ಬಿಡಬೇಡಿ. ವಿಚಾರಣೆಗೆ ಸಂಬಂಧವಿಲ್ಲದ ಒಬ್ಬ ಹಿರಿಯ ಸೇವಕರು (ಬೇರೆ ಪಾಸ್ಟರ್) ವಾರಕ್ಕೊಮ್ಮೆ ಹೋಗಿ ಕೂತು ಬರಲಿ, ಅಲ್ಲಿ ಕೇಳಿದ್ದನ್ನು ಕಮಿಟಿಗೆ ತರದಿರಲಿ.

ಈ ವಾರಗಳಲ್ಲಿ ಸುದ್ದಿ ಹೇಗೂ ಹರಡುತ್ತದೆ. ವಾರದ ಒಂದು ನಿಗದಿತ ದಿನ ಕಮಿಟಿಯಿಂದ ನಾಲ್ಕು ಸಾಲು ಹೊರಡಲಿ. ಹೇಳುವಂಥದ್ದೇನೂ ಇಲ್ಲದಿದ್ದರೆ ‘ಈ ವಾರ ಹೊಸದೇನೂ ಇಲ್ಲ, ಆಡಿಟರ್ ಕೆಲಸ ನಡೆದಿದೆ’ ಎಂದಾದರೂ ಬರೆಯಿರಿ.

ಕ್ಷಮಾಪಣೆಯ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ.’ ಇಲ್ಲಿ ‘ಯಾರಿಗಾದರೂ’ ಅಂದಾಗ ಕಳೆದುಕೊಂಡವರಿಗೆ ಮುಖವಿಲ್ಲ. ‘ಆಗಿದ್ದರೆ’ ಅಂದಾಗ ಆಯಿತೋ ಇಲ್ಲವೋ ಎಂಬುದೇ ಅನುಮಾನ. ‘ನೋವು’ ಅನ್ನುವುದು ಕೇಳುವವರ ಮನಸ್ಸಿನ ಸ್ಥಿತಿ, ಹೇಳುವವರು ಮಾಡಿದ ಕೆಲಸವಲ್ಲ. ಇಡೀ ವಾಕ್ಯದಲ್ಲಿ ‘ನಾನು’ ಇಲ್ಲ, ಹಣ ಇಲ್ಲ. ಇದರ ಜೊತೆಗೆ ‘ಸೈತಾನನ ದಾಳಿ’, ‘ದಾವೀದನೂ ಬಿದ್ದಿದ್ದ’ ಎಂಬ ಮಾತುಗಳೂ ಬರುವುದುಂಟು. ಪಾಪದಲ್ಲಿ ಬಿದ್ದ ಅರಸ ದಾವೀದನನ್ನು ಕರೆತರುವವರು ಅವನನ್ನು ಎದುರಿಸಿದ ಪ್ರವಾದಿ ನಾತಾನನನ್ನೂ ಕರೆತರಲಿ. ‘ಆ ಮನುಷ್ಯ ನೀನೇ’ ಎಂದು ಪ್ರವಾದಿ ಹೇಳಿದಾಗ ದಾವೀದ ತನ್ನ ಪಾಪವನ್ನು ನೇರವಾಗಿ ಒಪ್ಪಿಕೊಂಡ, ಕ್ಷಮೆ ಸಿಕ್ಕಿತು, ಆದರೂ ಪರಿಣಾಮಗಳು ಅವನ ಮನೆಯನ್ನು ಬಿಡಲಿಲ್ಲ (2 ಸಮುವೇಲ 12).

ನಿಮಗೆ ಬೇಕಾದ ಒಪ್ಪಿಗೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ಕಟ್ಟಡ ನಿಧಿಯಿಂದ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇಷ್ಟು ಬಾರಿ, ಒಟ್ಟು ಇಷ್ಟು ಹಣವನ್ನು ನಾನು ನನ್ನ ಖರ್ಚಿಗೆ ತೆಗೆದೆ. ಅದಕ್ಕೆ ಯಾರ ಅನುಮತಿಯೂ ಇರಲಿಲ್ಲ. ಖಜಾಂಚಿಯವರು ಕೇಳಿದಾಗ ಸುಳ್ಳು ಹೇಳಿದೆ, ಅವರ ಹೆಸರು ಕೆಡಿಸುವ ಮಾತುಗಳನ್ನೂ ಆಡಿದೆ. ಇಷ್ಟು ಹಣವನ್ನು ಇಷ್ಟು ತಿಂಗಳಲ್ಲಿ ಹಿಂದಿರುಗಿಸುತ್ತೇನೆ. ನನ್ನ ಸೇವೆಯ ವಿಷಯದಲ್ಲಿ ಸಭೆಯ ನಿರ್ಧಾರಕ್ಕೆ ಒಪ್ಪುತ್ತೇನೆ.’ ಒಂದು ಪುಟ ಮೀರಬಾರದು. ವಚನಗಳು ಬೇಡ, ಬಾಲ್ಯದ ಕಷ್ಟ ಬೇಡ. ಮೊತ್ತ ಆಡಿಟರ್ ವರದಿಗೆ ತಾಳೆಯಾಗಬೇಕು. ಕಣ್ಣೀರು ಬಂದರೆ ಬರಲಿ, ಅದನ್ನು ಅಳತೆಗೋಲು ಮಾಡಬೇಡಿ. ಚೆನ್ನಾಗಿ ಅಳಬಲ್ಲವರೂ ಇದ್ದಾರೆ, ಅಳಲಾರದ ಪ್ರಾಮಾಣಿಕರೂ ಇದ್ದಾರೆ.

ಇದನ್ನು ಓದಬೇಕಾದ ಜಾಗ ಭಾನುವಾರದ ಆರಾಧನೆಯಲ್ಲ. ಅಲ್ಲಿ ಮಕ್ಕಳಿರುತ್ತಾರೆ, ಹೊಸಬರಿರುತ್ತಾರೆ. ಪ್ರಶ್ನೆ ಕೇಳಲು ಯಾರಿಗೂ ಅವಕಾಶವಿಲ್ಲ, ಮುಗಿದ ಕೂಡಲೇ ಹಾಡು ಶುರುವಾಗುತ್ತದೆ. ಇದಕ್ಕೆ ಸದಸ್ಯರ ಸಭೆ ಕರೆಯಿರಿ. ನಿಯಮಾವಳಿಯಲ್ಲಿ ಬೇರೆ ಅವಧಿ ಇಲ್ಲದಿದ್ದರೆ ಎರಡು ವಾರ ಮುಂಚೆ ಲಿಖಿತ ಸೂಚನೆ ಕೊಡಿ, ಬಿಟ್ಟುಹೋದ ಇಪ್ಪತ್ತು ಕುಟುಂಬಗಳಿಗೂ ಹೋಗಲಿ. ಅಧ್ಯಕ್ಷತೆ ಹೊರಗಿನವರದ್ದು. ಆರಂಭದ ಪ್ರಾರ್ಥನೆ ಎರಡು ನಿಮಿಷ, ಅದನ್ನೂ ಹೊರಗಿನವರೇ ಮಾಡಲಿ. ಅರ್ಧ ಗಂಟೆ ಸ್ತುತಿಗೀತೆ ಹಾಡಿಸಿ, ಪ್ರಾರ್ಥನೆಯಲ್ಲೇ ‘ಪ್ರಶ್ನಿಸುವ ಆತ್ಮವನ್ನು ಕಟ್ಟಿಹಾಕು’ ಎಂದು ಹೇಳಿಸಿ ಇಡೀ ಸಭೆಯ ಬಾಯಿ ಕಟ್ಟುವ ಜಾಣತನ ಎಲ್ಲರಿಗೂ ಪರಿಚಿತ. ಮೊದಲು ವರದಿಯ ಸಾರಾಂಶ, ಆಮೇಲೆ ಒಪ್ಪಿಗೆಯ ಓದು, ಬಳಿಕ ಪ್ರಶ್ನೆಗಳು. ಒಬ್ಬರಿಗೆ ಮೂರು ನಿಮಿಷ, ನಿಂತು ಮಾತಾಡಲಾಗದವರಿಗೆ ಚೀಟಿ. ಎರಡು ಗಂಟೆಗೆ ಮುಗಿಸಿ. ಅಂದೇ ಮತ ಹಾಕಿಸಬೇಡಿ. ಎರಡು ವಾರದ ನಂತರ ಗುಪ್ತ ಮತದಾನ ಇಟ್ಟುಕೊಳ್ಳಿ. ‘ಈಗಲೇ ಎದ್ದು ಒಬ್ಬರನ್ನೊಬ್ಬರು ಅಪ್ಪಿಕೊಳ್ಳೋಣ’ ಎಂದು ಯಾರಾದರೂ ಕೂಗಿದರೆ ಅಧ್ಯಕ್ಷರು ತಡೆಯಬೇಕು. ಖಜಾಂಚಿಯಂಥವರು ಆ ಹೊತ್ತಿನಲ್ಲಿ ಬೇಡ ಅನ್ನಲಾಗದೆ ಅಪ್ಪಿಕೊಂಡು, ಮನೆಗೆ ಹೋಗಿ ಅಳುತ್ತಾರೆ.

ಜನ ಕಲಸಿಕೊಳ್ಳುವ ಮೂರು ಸಂಗತಿಗಳನ್ನು ಆ ಸಭೆಯಲ್ಲೇ ಬಿಡಿಸಿಟ್ಟರೆ ಒಳ್ಳೆಯದು. ಕ್ಷಮೆ ಒಬ್ಬರ ಮನಸ್ಸಿನಲ್ಲೇ ಆಗಬಲ್ಲದು, ಎದುರಿನವರು ಬದಲಾಗದಿದ್ದರೂ. ಸಮಾಧಾನಕ್ಕೆ ಇಬ್ಬರು ಬೇಕು. ನಂಬಿಕೆಯ ಹುದ್ದೆಗೆ ಇಡೀ ಸಭೆ ಬೇಕು, ಕಾಲವೂ ಬೇಕು. ಯೋಸೇಫನ ಕಥೆಯಲ್ಲಿ ಈ ಅಂತರ ಕಣ್ಣಿಗೆ ಕಟ್ಟುವಂತಿದೆ. ತನ್ನನ್ನು ಹಿಂದೆ ಗುಲಾಮನಾಗಿ ಮಾರಿ, ಈಗ ಧಾನ್ಯಕ್ಕೆ ಬಂದ ಅಣ್ಣಂದಿರನ್ನು ಅವನು ಗುರುತಿಸುತ್ತಾನೆ, ಮರೆಗೆ ಹೋಗಿ ಅಳುತ್ತಾನೆ, ಅವರ ಚೀಲದಲ್ಲಿ ಹಣವನ್ನೂ ತಿರುಗಿ ಇಡಿಸುತ್ತಾನೆ. ಅಷ್ಟಾದರೂ ತಾನು ಯಾರೆಂದು ಹೇಳುವುದಿಲ್ಲ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಇಡಿಸಿ ಕಾಯುತ್ತಾನೆ. ತಮ್ಮನನ್ನು ಬಿಟ್ಟು ಓಡುವ ಅವಕಾಶ ಮತ್ತೊಮ್ಮೆ ಅವರ ಮುಂದಿದೆ. ಹಿಂದೆ ‘ಇವನನ್ನು ಮಾರಿಬಿಡೋಣ’ ಅಂದ ಯೆಹೂದನೇ ಮುಂದೆ ಬಂದು, ಹುಡುಗನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೋ ಅನ್ನುತ್ತಾನೆ. ಆಗ ಮಾತ್ರ ಯೋಸೇಫ ಬಾಯಿಬಿಡುತ್ತಾನೆ (ಆದಿಕಾಂಡ 42ರಿಂದ 45).

ಹಾಗಾದರೆ ಪಾಸ್ಟರ್ ಮತ್ತೆ ಸೇವೆಗೆ ಬರಬಹುದೇ? ಸೇವಾ ಪ್ರಯಾಣವನ್ನು ನಡುವೆ ಬಿಟ್ಟುಬಂದ ಮಾರ್ಕನನ್ನು ಮತ್ತೆ ಕರೆದೊಯ್ಯಲು ಪೌಲ ಒಪ್ಪದೆ ಜೊತೆ ಸೇವಕ ಬಾರ್ನಬನ ಜೊತೆ ಜಗಳವೇ ಆಯಿತು (ಅಪೊಸ್ತಲರ ಕೃತ್ಯಗಳು 15), ಕೊನೆಯಲ್ಲಿ ಅದೇ ಪೌಲ ‘ಅವನು ನನಗೆ ಉಪಯೋಗಕ್ಕೆ ಬರುತ್ತಾನೆ, ಕರೆದುಕೊಂಡು ಬಾ’ ಎಂದು ಬರೆದ (2 ತಿಮೊಥೆಯ 4:11). ನಡುವೆ ವರ್ಷಗಳು ಉರುಳಿದ್ದವು, ಬಾರ್ನಬ ಎಂಬ ಒಬ್ಬರು ಅವನನ್ನು ಕೈಹಿಡಿದು ನಡೆಸಿದ್ದರು. ನನ್ನ ಅಭಿಪ್ರಾಯ ಇಷ್ಟು: ಹಣ ತೀರುವ ಮೊದಲು, ಕನಿಷ್ಠ ಎರಡು ವರ್ಷ ಸಾಮಾನ್ಯ ಸದಸ್ಯನಾಗಿ ಬೇರೆಯವರ ಕೆಳಗೆ ಬಾಳುವ ಮೊದಲು ಆ ಪ್ರಶ್ನೆಯನ್ನೇ ಎತ್ತಬಾರದು. ಎತ್ತಿದರೂ ಇದೇ ಸಭೆಯ ವೇದಿಕೆ ಬೇಡ, ಹಣದ ಜವಾಬ್ದಾರಿ ಎಲ್ಲಿಯೂ ಎಂದಿಗೂ ಬೇಡ. ‘ಯಾವಾಗ ವಾಪಸ್ ಬರಬಹುದು’ ಎಂದು ಮೊದಲ ತಿಂಗಳಲ್ಲೇ ಕೇಳುವವರು ಇನ್ನೂ ಸಿದ್ಧರಾಗಿಲ್ಲ ಅಂತಲೇ ಅರ್ಥ.

ಹಣ ಹಿಂದಿರುಗಿಸುವ ಒಪ್ಪಂದ ಲಿಖಿತವಾಗಿರಲಿ: ತಿಂಗಳ ಕಂತು, ತಾರೀಖು, ಗಮನಿಸುವ ಒಬ್ಬರ ಹೆಸರು. ಯೇಸುವನ್ನು ಭೇಟಿಯಾದ ಸುಂಕದವನು ಜಕ್ಕಾಯನ ಬಾಯಲ್ಲಿ ಮನಪರಿವರ್ತನೆಯ ಮಾತು ಬಂದದ್ದು ನಾಲ್ಕರಷ್ಟು ಎಂಬ ಅಂಕಿಯ ರೂಪದಲ್ಲಿ. ಕುಟುಂಬಕ್ಕೆ ನಿಜವಾಗಿ ಸಾಧ್ಯವಿಲ್ಲ ಎಂದಾದರೆ ಉಳಿದ ಬಾಕಿಯನ್ನು ಮುಂದೊಂದು ದಿನ ಸದಸ್ಯರ ಸಭೆಯೇ ಮನ್ನಾ ಮಾಡಬಹುದು, ಮೊತ್ತ ಗೊತ್ತಿದ್ದು.

ಆ ಮೂವರು ಹಿರಿಯರು. ಜನ ಪಾಸ್ಟರನ್ನಾದರೂ ಕ್ಷಮಿಸುತ್ತಾರೆ, ಗೊತ್ತಿದ್ದೂ ಮುಚ್ಚಿಟ್ಟವರನ್ನು ಕ್ಷಮಿಸುವುದು ಕಷ್ಟ. ಬೇಲಿಯೇ ಹೊಲ ಮೇಯ್ದಂತೆ ಇದು. ಮೂವರೂ ಒಟ್ಟಿಗೆ ಕೂತು ಒಂದೇ ಹೇಳಿಕೆ ಬರೆಯುವುದು ಬೇಡ, ಬೇರೆ ಬೇರೆಯಾಗಿ ಬರೆದುಕೊಡಲಿ: ಯಾವಾಗ ತಿಳಿಯಿತು, ಯಾರಿಂದ, ಏನು ಮಾಡಿದೆ, ಯಾಕೆ ಸುಮ್ಮನಾದೆ. ಹೆದರಿ ಸುಮ್ಮನಾದವರೂ, ಖಜಾಂಚಿಯ ಮೇಲೆ ಅಪವಾದ ಹೊರಿಸಿದವರೂ ಒಂದೇ ಅಲ್ಲ. ಹುದ್ದೆ ಮಾತ್ರ ಮೂವರೂ ಬಿಡಬೇಕು. ಬಿಡದೆ ಕೂತರೆ ಮುಂದಿನ ಯಾವ ತೀರ್ಮಾನವನ್ನೂ ಜನ ನಂಬುವುದಿಲ್ಲ.

ಕರ್ತನ ಭೋಜನದ ಪ್ರಶ್ನೆ ಹಳೆಯದು. ನಾಲ್ಕನೇ ಶತಮಾನದ ಉತ್ತರ ಆಫ್ರಿಕದಲ್ಲಿ, ಕ್ರೈಸ್ತರ ಮೇಲಿನ ಹಿಂಸೆಯ ಕಾಲದಲ್ಲಿ ಶಾಸ್ತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟ ಬಿಷಪ್ಪರ ಸಂಸ್ಕಾರಗಳು ನಡೆಯುವುದಿಲ್ಲ ಎಂದು ಡೊನಾಟಿಸ್ಟರು ಬೇರೆಯಾದರು. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ನೂರಾರು ಬಿಷಪ್ಪರು ಎದುರುಬದುರಾದರು. ಸಂಸ್ಕಾರ ಕ್ರಿಸ್ತನದು, ಕೊಡುವವನ ಯೋಗ್ಯತೆಯ ಮೇಲೆ ನಿಂತಿಲ್ಲ ಎಂಬುದು ಡೊನಾಟಿಸ್ಟರ ಎದುರು ಪಕ್ಷದ ಬಿಷಪ್ ಅಗಸ್ಟೀನರ ವಾದ. ಹಿಂದೆ ಅವರ ಕೈಯಿಂದ ತೆಗೆದುಕೊಂಡದ್ದು ಏನಾಯಿತೋ ಎಂದು ಹೆದರುವವರಿಗೆ ಇದನ್ನು ಹೇಳಿ ಧೈರ್ಯ ಕೊಡಿ. ಆದರೆ ಇದೇ ಮಾತನ್ನು ಹಿಡಿದು ‘ಹಾಗಾದರೆ ಅವರೇ ಮುಂದುವರಿಯಲಿ’ ಎನ್ನುವವರಿಗೆ ಅದರಲ್ಲಿ ಆಧಾರವಿಲ್ಲ. ಸದ್ಯಕ್ಕೆ ಹೊರಗಿನ ಸೇವಕರೊಬ್ಬರನ್ನು ಕರೆಸಿ.

ಮುಂದಿನ ಕಾಣಿಕೆ ಎಣಿಕೆಯಿಂದಲೇ ಪದ್ಧತಿ ಬದಲಾಗಲಿ. ಸಂಬಂಧಿಕರಲ್ಲದ ಇಬ್ಬರು ಸಭೆಯ ಕಟ್ಟಡದಲ್ಲೇ ಎಣಿಸಿ, ಚೀಟಿಗೆ ಸಹಿ ಹಾಕಿ, ಮುಂದಿನ ಕೆಲಸದ ದಿನ ಬ್ಯಾಂಕಿಗೆ ಕಟ್ಟಲಿ. ಸಹಿಯ ಅಧಿಕಾರವಿಲ್ಲದ ಮೂರನೆಯವರು ಸ್ಟೇಟ್‌ಮೆಂಟಿನ ಜೊತೆ ಚೀಟಿ ತಾಳೆ ನೋಡಲಿ. ಕಟ್ಟಡ ನಿಧಿಗೆ ಪ್ರತ್ಯೇಕ ಖಾತೆ. ಪಾಸ್ಟರ್ ಯಾರೇ ಬರಲಿ, ಅವರ ಸಹಿ ಯಾವ ಚೆಕ್ಕಿನ ಮೇಲೂ ಬೇಡ. ಇದು ಅಪನಂಬಿಕೆಯೆಂದು ಬೇಸರಪಡುವವರಿಗೆ 2 ಕೊರಿಂಥ 8:18ರಿಂದ 21 ಓದಿಸಿ. ಪೌಲನೇ ಕಾಣಿಕೆಯ ಹಣ ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಸಭೆಗಳು ಆರಿಸಿದ ಇನ್ನೊಬ್ಬನನ್ನು ಜೊತೆಗಿಟ್ಟುಕೊಂಡಿದ್ದ.

ಆ ಇಪ್ಪತ್ತು ಮನೆಗಳಿಗೆ ನೀವೇ ಹೋಗಿ, ಜೊತೆಗೆ ಇನ್ನೊಬ್ಬರು ಇರಲಿ. ಆದರೆ ವರದಿ ಓದಿದ ಮೇಲೆ ಹೋಗಿ, ಸಾರಾಂಶದ ಪ್ರತಿ ಕೈಯಲ್ಲಿರಲಿ. ಒಂದು ಮನೆಗೆ ಅರ್ಧ ಗಂಟೆ ಸಾಕು, ಅದರಲ್ಲಿ ಇಪ್ಪತ್ತು ನಿಮಿಷ ಅವರು ಮಾತಾಡಲಿ, ನೀವು ಬರೆದುಕೊಳ್ಳಿ. ‘ನೀವೂ ಸ್ವಲ್ಪ ತಾಳ್ಮೆಯಿಂದ ಇರಬೇಕಿತ್ತು’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಬಿಡಿ. ಬೇರೆ ಸಭೆಗೆ ಸೇರಿರುವವರಿಗೆ ವರ್ಗಾವಣೆ ಪತ್ರವನ್ನು ಪ್ರಶ್ನೆಯಿಲ್ಲದೆ ಕೊಡಿ. ಮೊದಲ ಭೇಟಿಯಲ್ಲಿ ‘ಭಾನುವಾರ ಬನ್ನಿ’ ಅನ್ನಬೇಡಿ.